ಎರಡೂ ಕಡೆ ಹಚ್ಚಬೇಕು

"ಸತ್ತಿದೆ ಕಣಯ್ಯಾ ಇದು. ಅಂಚಿನಲ್ಲಿ ಬೆಣ್ಣೆ ಥರ ಇದೆ, ನಡುವೆ ರಬ್ಬರ್ ಥರ ಇದೆ. ಅಂಟಿನ ಥರ ಮಾತ್ರ ಎಲ್ಲೂ ಇಲ್ಲ."

ಮೇಲಿನ ಮಹಡಿಯ ಕಾಂಪೌಂಡರ್ ಹೀಗೆ ತೀರ್ಪು ಕೊಟ್ಟು, ಬೆರಳಿಗೆ ಬಂದ ಹಳದಿ ಗೋಂದನ್ನು ಹೆಬ್ಬೆರಳಿಗೂ ತೋರುಬೆರಳಿಗೂ ಸವರಿಕೊಂಡು ಮೂಸಿ ನೋಡಿದರು. ಮೂವತ್ತು ವರ್ಷ ಡಾಕ್ಟರ ಷಾಪಿನಲ್ಲಿ ಮುಲಾಮು ಅರೆದ ಬೆರಳುಗಳವು. ಜಗತ್ತಿನಲ್ಲಿ ಅರೆಯಬಹುದಾದ, ಕಲಸಬಹುದಾದ, ಹಚ್ಚಬಹುದಾದ ಯಾವ ವಸ್ತುವಿನ ಬಗ್ಗೆಯೇ ಆಗಲಿ, ಆ ಬೆರಳುಗಳು ಹೇಳಿದ್ದೇ ಕೊನೆಯ ಮಾತು ಎಂದು ಅವರು ನಂಬಿದ್ದರು.

"ಸತ್ತಿಲ್ಲ ಸಾರ್. ಕಾಯ್ತಾ ಇದೆ," ಎಂದ ನಿಧಾನಪ್ಪ.

"ಯಾರನ್ನ?"

"ಇನ್ನೊಂದು ಕಡೇದನ್ನ."

ಕಾಂಪೌಂಡರ್ ಅವನ ಮುಖವನ್ನೊಮ್ಮೆ, ಗೋಂದನ್ನೊಮ್ಮೆ ನೋಡಿದರು. ಇಬ್ಬರಲ್ಲಿ ಯಾರಿಗೆ ಜ್ವರ ಎಂದು ನಿರ್ಧರಿಸಲಾಗದ ನೋಟ ಅದು.

ನಿಧಾನಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಆ ಹೆಸರಿನಿಂದ ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಯಾರೂ ಕರೆಯುತ್ತಿರಲಿಲ್ಲ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕಿದವನಲ್ಲ. ಒಂದನ್ನೂ ಬೇಗ ಹಾಕಿದವನೂ ಅಲ್ಲ.

ಕಚೇರಿ ಮುಗಿಸಿ ಬಂದವನು ಮನೆಯ ಹಿಂದಿನ ಕೋಣೆಗೆ ಹೊಕ್ಕರೆ ಊಟಕ್ಕೆ ಮೂರು ಸಲ ಕೂಗಬೇಕಿತ್ತು. ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲದ ಆ ಕೋಣೆಯಲ್ಲಿ ಒಂದು ಮೇಜು, ಒಂದು ಸ್ಟೂಲು, ಒಂದು ಕಿಟಕಿ. ಮೇಜಿನ ಮೇಲೆ ಒಂದು ಲಾಂಚು. ಹೊಳೆಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಹಳೆಯ ಲಾಂಚಿನ ಮಾದರಿ, ಮೊಳದುದ್ದಕ್ಕಿಂತ ಚೂರು ಹೆಚ್ಚು. ಎರಡೂವರೆ ವರ್ಷದಿಂದ ಅವನು ಅದನ್ನು ಕಟ್ಟುತ್ತಿದ್ದ. ಇಲಾಖೆಯ ಹಳೆಯ ನಕ್ಷೆಯೊಂದನ್ನು ಹೇಗೋ ಹುಡುಕಿ ತಂದು, ಅದರಲ್ಲಿದ್ದ ಒಂದೊಂದು ಮೊಳೆಗೂ ಲೆಕ್ಕ ಹಿಡಿದು ಕಟ್ಟಿದ್ದ. ಚುಕ್ಕಾಣಿ ಕೋಣೆಯ ಮುಂದೆ ತೂಗುವ ಹಿತ್ತಾಳೆ ಗಂಟೆಯೊಂದಕ್ಕೇ ಎರಡು ತಿಂಗಳು ಹಿಡಿದಿತ್ತು. ಕಡಲೆಕಾಳಿನಷ್ಟು ಗಂಟೆ, ಉಫ್ ಎಂದು ಊದಿದರೆ ಟಿಣ್ ಎನ್ನುತ್ತಿತ್ತು.

ಆ ಲಾಂಚನ್ನು ಹತ್ತೊಂಬತ್ತು ವರ್ಷ ಓಡಿಸಿದವರು ಅವನ ಮಾವ.

ಮಾವನ ಬಗ್ಗೆ ಒಂದೇ ಮಾತು ಸಾಕು. ಆ ಮನುಷ್ಯ ಹುಟ್ಟಿದಾಗಿನಿಂದ ಯಾವುದನ್ನೂ "ಚೆನ್ನಾಗಿದೆ" ಅಂದವರಲ್ಲ. ಮಗಳ ಮದುವೆಯ ದಿನ ಅಳಿಯನನ್ನು ಮೇಲಿಂದ ಕೆಳಗೆ ನೋಡಿ, "ಹೂಂ, ಮುಳುಗಲ್ಲ," ಅಂದಿದ್ದರು. ಹದಿನೆಂಟು ವರ್ಷದಲ್ಲಿ ನಿಧಾನಪ್ಪನಿಗೆ ಅವರಿಂದ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ.

ಈಗ ಲಾಂಚು ನಿಲ್ಲುವ ದಕ್ಕೆಯ ಪಕ್ಕದಲ್ಲಿ ಮಾವ ಬಾಡಿಗೆಗಿದ್ದ ಕಟ್ಟಡವನ್ನು ಕೆಡವುತ್ತಿದ್ದರು. ಅವರು ಎಲ್ಲಾದರೂ ಬರಲೇಬೇಕಿತ್ತು. ಜಾಗ ಎರಡು: ಒಂದು, ಈ ಹಿಂದಿನ ಕೋಣೆ. ಇನ್ನೊಂದು, ಮೇಲೆ ಕಾಂಪೌಂಡರ ಮನೆಯಲ್ಲಿ ಖಾಲಿ ಬಿದ್ದ ಕೋಣೆ. ಗಂಡ ಹೆಂಡತಿ ವಾರಗಟ್ಟಲೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಾಡಿ, ಕೊನೆಗೆ ಹೆಂಡತಿಯೇ ಒಂದು ಕರಾರು ಹಾಕಿದ್ದಳು.

"ನೋಡಿ, ನಮ್ಮಪ್ಪ ಭಾನುವಾರ ನಾಲ್ಕಕ್ಕೆ ಬರ್ತಾರೆ. ನಿಮ್ಮ ಈ ಲಾಂಚು ನೋಡಿ ಒಂದೇ ಒಂದು ಸಲ ಬಾಯಿಬಿಟ್ಟು ಚೆನ್ನಾಗಿದೆ ಅಂದ್ರೆ ಈ ಕೋಣೆ ನಿಮ್ದು. ನಾನು ಉಸಿರೆತ್ತಲ್ಲ. ಅಪ್ಪ ಮೇಲೆ ಇರ್ಲಿ. ಅನ್ನಲಿಲ್ಲವೋ, ಸೋಮವಾರ ಬೆಳಿಗ್ಗೆ ಈ ಮೇಜು ಮಡಚಿ ಅಪ್ಪನ ಮಂಚ ಹಾಕ್ತೀನಿ."

ಆ ಭಾನುವಾರ ಇವತ್ತೇ. ಕಾಂಪೌಂಡರಿಗೂ ಇದರಲ್ಲಿ ಸ್ವಾರ್ಥವಿತ್ತು. ಅವರಿಗೆ ಸಂಜೆ ಹೊತ್ತು ಚದುರಂಗಕ್ಕೆ ಜೊತೆ ಬೇಕಿತ್ತು. ಹಾಗಾಗಿ ಲಾಂಚು ಗೆಲ್ಲಲಿ ಎಂದು ಅವರು ಟೊಂಕ ಕಟ್ಟಿ ನಿಂತಿದ್ದರು. ನಿಧಾನಪ್ಪನ ಅಂದಿನ ಕಷ್ಟಗಳೆಲ್ಲ ಶುರುವಾದದ್ದು ಆ ಟೊಂಕದಿಂದಲೇ.

ಬಾಕಿ ಇದ್ದದ್ದು ಒಂದೇ ಕೆಲಸ. ಲಾಂಚಿನ ಒಡಲಿನ ಮೇಲೆ ಡೆಕ್ಕು, ಅಂದರೆ ಜನ ನಿಲ್ಲುವ ಮೇಲ್ಹಲಗೆ, ಕೂರಿಸುವುದು. ಹಪ್ಪಳದಷ್ಟು ತೆಳ್ಳಗಿನ ಮರದ ಪದರ ಅದು. ಬಡಗಿಗಳ ಬಿಳಿ ಗೋಂದು ಹಚ್ಚಿದರೆ ತೇವ ಕುಡಿದು ದೋಸೆಯಂತೆ ಅಂಚು ಮೇಲೆದ್ದು ಸುರುಳಿಯಾಗುತ್ತಿತ್ತು. ಎರಡು ಡೆಕ್ಕು ಹಾಗೇ ಹಾಳಾದ ಮೇಲೆ ಅವನು ಮೂಲೆಯ ಚಪ್ಪಲಿ ರಿಪೇರಿಯವನ ಹತ್ತಿರ ಹೋಗಿ ತನ್ನ ಗೋಳು ಹೇಳಿಕೊಂಡಿದ್ದ.

ಚಪ್ಪಲಿ ರಿಪೇರಿಯವನು ಎರಡು ತುಂಡು ಚರ್ಮ ತೆಗೆದ. ಎರಡಕ್ಕೂ ಡಬ್ಬಿಯ ಹಳದಿ ಅಂಟನ್ನು ತೆಳ್ಳಗೆ ಸವರಿ ಬಿಸಿಲಿಗಿಟ್ಟ. ಒಂದು ಜೊತೆ ಬೂಟಿಗೆ ಪಾಲಿಶ್ ಹಾಕುವಷ್ಟು ಹೊತ್ತು ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ, "ಮುಟ್ಟಿ ನೋಡಿ," ಅಂದ. ನಿಧಾನಪ್ಪ ಮುಟ್ಟಿದ. ಬೆರಳಿಗೆ ಏನೂ ಬರಲಿಲ್ಲ. "ಒಣಗಿಹೋಗಿದೆ," ಅಂದ. ರಿಪೇರಿಯವನು ಎರಡು ತುಂಡನ್ನೂ ಮುಖಾಮುಖಿ ಮುಟ್ಟಿಸಿದ. ಒತ್ತಲಿಲ್ಲ, ಬಡಿಯಲಿಲ್ಲ. ಬರೀ ಮುಟ್ಟಿಸಿದ. "ಈಗ ಬಿಡಿಸಿ," ಅಂದ.

ನಿಧಾನಪ್ಪ ಕೈಯಿಂದ ಎಳೆದ, ಹಲ್ಲಿನಿಂದ ಎಳೆದ, ಒಂದು ತುದಿಯನ್ನು ಮೆಟ್ಟಿ ಎಳೆದ. ಚರ್ಮ ಹರಿಯಿತೇ ಹೊರತು ಅಂಟು ಬಿಡಲಿಲ್ಲ.

"ಇದು ಬೇರೆಯವರ ತಂಟೆಗೆ ಹೋಗಲ್ಲ ಸ್ವಾಮಿ. ತನ್ನವರನ್ನ ಕಂಡ್ರೆ ಮಾತ್ರ ಬಿಡಲ್ಲ," ಎಂದ ರಿಪೇರಿಯವನು. "ಎರಡೂ ಕಡೆ ಹಚ್ಚಬೇಕು. ಕಾಯಬೇಕು. ಕೂಡಿಸೋದು ಒಂದೇ ಸಲ. ಎರಡನೇ ಸಲ ಅನ್ನೋದು ಇದರ ಹತ್ರ ಇಲ್ಲ."

ನಿಧಾನಪ್ಪ ಅಂದು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದಾರಿಯಲ್ಲಿ ಯಾರಿಗೂ ತಾಗದಂತೆ ಮನೆಗೆ ಬಂದಿದ್ದ. ಕಾಯುವುದನ್ನೇ ಒಂದು ಶಕ್ತಿಯನ್ನಾಗಿ ಮಾಡಿಕೊಂಡ ವಸ್ತುವೊಂದು ಲೋಕದಲ್ಲಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಎಲ್ಲರೂ ಅವನನ್ನು ಆಡಿಕೊಂಡದ್ದು ಇದೇ ಗುಣಕ್ಕಾಗಿ.

ಇಂದು ಕಿಟಕಿ ತೆರೆದಿಟ್ಟು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಒಡಲಿನ ಅಂಚಿಗೂ ಡೆಕ್ಕಿನ ಬೆನ್ನಿಗೂ ಅಂಟು ಬಳಿದಿದ್ದ. ಕಾರ್ಡಿನಿಂದ ಜಾರಿದ ಅಂಟು ಎರಡೂ ಅಂಗೈಗೆ ಮೆತ್ತಿಕೊಂಡಿತ್ತು. ಐದು ನಿಮಿಷ ಬಿಟ್ಟು ಮೂಗು ಮುಟ್ಟಿ ನೋಡಿದ, ಅಂಟಲಿಲ್ಲ. ಹಾಗಾಗಿ ಅಂಗೈಯ ವಿಷಯ ಮರೆತ. ಪಕ್ಕದಲ್ಲಿಟ್ಟಿದ್ದ ಚುಕ್ಕಾಣಿ ಕೋಣೆಯ ಪ್ಲಾಸ್ಟಿಕ್ ಕಿಟಕಿಯ ಮೇಲೂ ಎರಡು ಹನಿ ಬಿದ್ದಿತ್ತು. ಬಿದ್ದ ಹನಿಯನ್ನು ಹಸಿಯಲ್ಲಿ ಒರೆಸಬಾರದು, ಒಣಗಿದ ಮೇಲೆ ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಉದುರುತ್ತದೆ ಎಂದು ರಿಪೇರಿಯವನು ಹೇಳಿದ್ದರಿಂದ ಅದನ್ನೂ ಬಿಟ್ಟಿದ್ದ. ಡೆಕ್ಕನ್ನು ನೆಟ್ಟಗೆ ಹೊಂದಿಸಿಕೊಳ್ಳಲು ಹೆಂಡತಿಯ ಸ್ವೆಟರ್ ಹೆಣೆಯುವ ಆರು ಕಡ್ಡಿಗಳನ್ನು ತಂದಿಟ್ಟಿದ್ದ. ಒಡಲಿನ ಮೇಲೆ ಕಡ್ಡಿ ಅಡ್ಡವಿಟ್ಟು, ಅದರ ಮೇಲೆ ಡೆಕ್ಕು ಇಟ್ಟು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿ, ಆಮೇಲೆ ಒಂದೊಂದೇ ಕಡ್ಡಿ ಎಳೆದುಕೊಳ್ಳುವುದು. ಇನ್ನು ಮೂರೇ ನಿಮಿಷ ಕಾಯಬೇಕಿತ್ತು.

ಆ ಮೂರು ನಿಮಿಷಕ್ಕೇ ಕಾಂಪೌಂಡರ್ ಬಂದಿದ್ದರು.

"ಕಾಯ್ತಾ ಇದೆಯಂತೆ," ಎಂದು ಅವರು ಡೆಕ್ಕನ್ನು ಎತ್ತಿಕೊಂಡರು. "ಒಣಗಿದ ಮೇಲೆ ಅಂಟೋ ಗೋಂದು ಯಾವ ಶಾಸ್ತ್ರದಲ್ಲಿದೆಯಯ್ಯಾ? ನಿನಗೆ ಯಾರೋ ಟೋಪಿ ಹಾಕಿದ್ದಾರೆ. ನಾಲ್ಕು ಗಂಟೆಗೆ ನಿನ್ನ ಮಾವನ ಎದುರು ಹಲಗೆ ಕಿತ್ತು ಬಂದ್ರೆ ಏನ್ ಗತಿ? ನೋಡಿಲ್ಲಿ, ಹೀಗೆ ಹಾಕಿದ್ರೂ..."

"ಸಾರ್, ಇಡಿ, ಕೆಳಗೆ..."

"...ಅಂಟೋದಿಲ್ಲ," ಎಂದು ಕಾಂಪೌಂಡರ್ ಡೆಕ್ಕನ್ನು ಒಡಲಿನ ಮೇಲೆ ಕೈಬಿಟ್ಟರು.

ಸದ್ದೇ ಆಗಲಿಲ್ಲ. ಬಾಗಿಲು ಹಾಕಿದ ಸದ್ದಿಲ್ಲ, ಬೀಗ ಬಿದ್ದ ಸದ್ದಿಲ್ಲ. ಹಲಗೆ ಬಿತ್ತು, ಕೂತಿತು, ಮುಗಿಯಿತು. ಮುಂಭಾಗದಲ್ಲಿ ಅರ್ಧ ಬೆರಳಗಲ ಎಡಕ್ಕೆ ತಿರುಚಿಕೊಂಡು ಕೂತಿತ್ತು.

ಕಾಂಪೌಂಡರ್ ಎರಡು ಬೆರಳಿನಿಂದ ಎತ್ತಲು ನೋಡಿದರು. ಇಡೀ ಲಾಂಚು ಮೇಜಿನಿಂದ ಮೇಲೆದ್ದು ಬಂತು.

ಇಬ್ಬರೂ ಅದನ್ನು ನೋಡುತ್ತ ನಿಂತರು. ನಿಧಾನಪ್ಪನಿಗೆ ಸಿಟ್ಟು ಬರಬೇಕಿತ್ತು. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಬೆರಗು. ಗೋಂದು ಮಾತಿಗೆ ತಪ್ಪಿರಲಿಲ್ಲ. ಮುಟ್ಟಿದ್ದು ತನ್ನವರೋ ಅಲ್ಲವೋ ಎಂದಷ್ಟೇ ಅದು ನೋಡಿತ್ತು, ಸೊಟ್ಟಗೋ ನೆಟ್ಟಗೋ ಎಂದು ಕೇಳಿರಲಿಲ್ಲ.

"ಜೀವ ಇದೆ ಕಣಯ್ಯಾ ಇದಕ್ಕೆ," ಎಂದರು ಕಾಂಪೌಂಡರ್ ಪಿಸುದನಿಯಲ್ಲಿ. ಅವರಿಗೂ ಮೈ ಜುಮ್ಮೆಂದಿತ್ತು. ಆದರೆ ಅವರು ಸುಮ್ಮನಿರುವ ಜಾತಕದವರಲ್ಲ. "ತಾಳು, ಈಗಲೇ ಒತ್ತಿ ನೆಟ್ಟಗೆ ಮಾಡಿಬಿಡೋಣ," ಎಂದು ಡೆಕ್ಕಿನ ಮುಂದಿನ ತುದಿಗೆ ಎರಡೂ ಹೆಬ್ಬೆರಳನ್ನು ಊರಿ, ಮೈಭಾರವನ್ನೆಲ್ಲ ಬಿಟ್ಟು ತಳ್ಳಿದರು. ಹಲಗೆ ಜಗ್ಗಲಿಲ್ಲ. ಮೆದು ಮರದಲ್ಲಿ ಎರಡು ಹೆಬ್ಬೆರಳ ತಗ್ಗು ಅಚ್ಚುಕಟ್ಟಾಗಿ ಮೂಡಿದವು.

ನಿಧಾನಪ್ಪ "ಅಯ್ಯೋ" ಎಂದು ಎರಡೂ ಅಂಗೈಯನ್ನು ಜೋರಾಗಿ ತಟ್ಟಿ ಹಿಡಿದುಕೊಂಡ.

ಆಮೇಲೆ ಬಿಡಿಸಲು ಹೋದ.

ಕೈ ಮುಗಿದಂತೆಯೇ ಉಳಿಯಿತು.

ಅದೇ ಹೊತ್ತಿಗೆ ಹೆಂಡತಿ ಬಾಗಿಲಿಗೆ ಬಂದಳು. ಗಂಡ ತನ್ನತ್ತ ತಿರುಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಎದೆಯೆದುರು ಕೈ ಮುಗಿದು ನಿಂತಿದ್ದ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಆಕೆ ಕಂಡಿರದ ದೃಶ್ಯ.

"ಏನಾಯ್ತ್ರೀ? ಏನ್ ಮಾಡಿದ್ರಿ?" ಎಂದಳು. ದನಿ ಸ್ವಲ್ಪ ಕರಗಿತ್ತು. "ಹೋಗ್ಲಿ ಬಿಡಿ, ಏನೇ ಆಗ್ಲಿ, ಕ್ಷಮಿಸಿದ್ದೀನಿ."

"ಕ್ಷಮೆ ಅಲ್ಲ ಕಣೇ. ಅಂಟಿಕೊಂಡಿದೆ."

ಕರಗಿದ ದನಿ ಕೂಡಲೇ ಹೆಪ್ಪುಗಟ್ಟಿತು. ಅವಳು ಮುಂಗೈ ಹಿಡಿದು ಎಳೆದಳು. ಅವನು ಕೂಗಿದ. ಅವಳು ಬಿಟ್ಟಳು.

"ಎಳೀಬೇಡಮ್ಮ, ಚರ್ಮ ಬಂದೀತು," ಎಂದರು ಕಾಂಪೌಂಡರ್. ವೈದ್ಯದ ಮಾತು ಬಂದದ್ದೇ ತಡ, ಅವರಿಗೆ ಚೇತನ ಬಂದಿತ್ತು. "ಇದಕ್ಕೆ ಔಷಧಿ ಇದೆ. ನೇಲ್ ಪಾಲಿಶ್ ರಿಮೂವರ್. ಹೆಚ್ಚು ಬೇಡ, ಇಷ್ಟೇ ಇಷ್ಟು ಇದ್ರೆ ಸಾಕು," ಎಂದು ಇಷ್ಟೇ ಇಷ್ಟು ಎಂಬುದನ್ನು ತೋರಿಸಲು ಹೆಬ್ಬೆರಳನ್ನೂ ತೋರುಬೆರಳನ್ನೂ ಒಟ್ಟು ಸೇರಿಸಿದರು.

ಆ ಬೆರಳುಗಳು ಮತ್ತೆ ಬೇರೆಯಾಗಲಿಲ್ಲ. ಗೋಂದು ಸತ್ತಿದೆ ಎಂದು ಸವರಿಕೊಂಡದ್ದು ಅಷ್ಟು ಹೊತ್ತೂ ಅಲ್ಲಿ ಕಾದು ಕೂತಿತ್ತು. ಅವರು ಕೈ ಕೊಡವಿದರು, ಬೆರಳ ಸಂದಿಗೆ ಊದಿದರು. ಉಂಗುರದಂತೆ ಕೂಡಿದ ಎರಡು ಬೆರಳು, ನೆಟ್ಟಗೆ ನಿಂತ ಮೂರು ಬೆರಳು. ಜಗತ್ತನ್ನೆಲ್ಲ "ಭೇಷ್" ಎಂದು ಮೆಚ್ಚಿಕೊಳ್ಳುವ ಭಂಗಿಯಲ್ಲಿ ಅವರ ಬಲಗೈ ಗಾಳಿಯಲ್ಲಿ ನಿಂತುಬಿಟ್ಟಿತ್ತು.

ಪಕ್ಕದ ಮನೆಯ ಟೈಲರಮ್ಮ ಒಳಗೆ ಬಂದಾಗ ಕಂಡದ್ದು ಇದು: ಒಬ್ಬರು ಕೈ ಮುಗಿದು ನಿಂತಿದ್ದಾರೆ, ಇನ್ನೊಬ್ಬರು ಭೇಷ್ ಎನ್ನುತ್ತಿದ್ದಾರೆ. ಆಕೆ ಲಾಂಚಿಗೆಂದು ಹೊಲಿದ ಅಂಚೆಚೀಟಿಯಷ್ಟು ಬಾವುಟ ತಂದಿದ್ದಳು.

"ಅಣ್ಣಾ, ಬಾವುಟಕ್ಕೆ ಇಷ್ಟೊಂದು ಮರ್ಯಾದೆ ಬೇಡಪ್ಪಾ," ಎಂದಳು ನಾಚಿಕೊಂಡು.

ಹೆಂಡತಿ ವಿಷಯ ಬಿಡಿಸಿ ಹೇಳಿದಳು. ಟೈಲರಮ್ಮ ಒಂದೇ ಓಟದಲ್ಲಿ ಹೋಗಿ ರಿಮೂವರ್ ಬಾಟಲಿಯನ್ನೂ ಹತ್ತಿಯನ್ನೂ ತಂದಳು. ಅರ್ಧ ಬಾಟಲಿ ಇತ್ತು. ಅದರಲ್ಲಿ ಎರಡು ಜೊತೆ ಕೈ ಆರಾಮಾಗಿ ಬಿಡುಗಡೆ ಆಗುತ್ತಿತ್ತು. ಆದರೆ ಬರುವಾಗ ಅವಳ ಕಣ್ಣು ಚುಕ್ಕಾಣಿ ಕೋಣೆಯ ಕಿಟಕಿಯ ಮೇಲೆ ಬಿತ್ತು. ಹೊಲಿದ ಬಟ್ಟೆಯ ಮೇಲೆ ಒಂದು ನೂಲಿನ ಎಳೆ ಉಳಿದರೂ ಸಹಿಸದ ಹೆಂಗಸು ಅವಳು.

"ಅಯ್ಯೋ, ಇಲ್ಲೂ ಹಳದಿ ಕಲೆ ಇದೆಯಲ್ಲ. ಮೊದಲು ಇದನ್ನ ತೆಗೆದುಬಿಡ್ತೀನಿ. ದೊಡ್ಡವರು ಬರೋ ಹೊತ್ತು."

ಪ್ಲಾಸ್ಟಿಕ್ಕಿಗೆ ರಿಮೂವರ್ ತಾಗಿದರೆ ಏನಾಗುತ್ತದೆ ಎಂಬುದು ಆ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು "ಬೇಡಮ್ಮಾ, ಬೇಡ" ಎನ್ನುತ್ತ ಕೂಡಿದ ಕೈಯನ್ನೇ ಅವಳ ಮುಖದೆದುರು ಚಾಚಿದ.

"ಇಷ್ಟಕ್ಕೆಲ್ಲ ಕೈ ಮುಗೀತಾರಾ ಅಣ್ಣಾ? ನಾನೇನು ಹೊರಗಿನವಳಾ?" ಎಂದು ಟೈಲರಮ್ಮ ಇನ್ನಷ್ಟು ಪ್ರೀತಿಯಿಂದ ಉಜ್ಜಿದಳು.

ಕಲೆ ಹೋಯಿತು. ಕಿಟಕಿಯೂ ಹೋಯಿತು. ಕನ್ನಡಿಯಂತಿದ್ದ ಪ್ಲಾಸ್ಟಿಕ್ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಹೀಗೇಕಾಯಿತು ಎಂದು ಅವಳು ಪಕ್ಕದ ಕಿಟಕಿ ಉಜ್ಜಿದಳು, ಅದೂ ಬೆಳ್ಳಗಾಯಿತು. ಎರಡು ಬಿಳಿ, ಎರಡು ತಿಳಿ ಇದ್ದರೆ ಚೆಂದವಲ್ಲ ಎಂದು ಉಳಿದೆರಡನ್ನೂ ಉಜ್ಜಿದಳು. ಬಾಟಲಿ ಬರಿದಾಯಿತು.

ಅವಳು ಹತ್ತಿಯನ್ನು ಕೆಳಗಿಟ್ಟಳು. "ಒಂದೇ ಸಮ ಆಯ್ತು," ಎಂದಳು ಸಣ್ಣ ದನಿಯಲ್ಲಿ.

ಹೆಂಡತಿ ಮೊಬೈಲಿನಲ್ಲಿ ಚಪ್ಪಲಿ ರಿಪೇರಿಯವನಿಗೆ ಫೋನ್ ಹಚ್ಚಿ ಗಂಡನ ಕಿವಿಗೆ ಹಿಡಿದಳು. ನಿಧಾನಪ್ಪ ನಡೆದದ್ದನ್ನೆಲ್ಲ ಹೇಳಿದ.

"ಅಂಗೈಗೆ ಅಂಗೈ ಕೂಡಿಸಿದ್ರಾ?" ಎಂದ ರಿಪೇರಿಯವನು. ಅವನ ದನಿಯಲ್ಲಿ ಗೌರವವಿತ್ತು. "ಇಪ್ಪತ್ತೈದು ವರ್ಷದಿಂದ ಇದರ ಜೊತೆ ಇದ್ದೀನಿ. ನಾನು ಮಾಡಿಲ್ಲ ಸ್ವಾಮಿ."

"ಬಿಡಿಸೋದು ಹೇಗಪ್ಪಾ?"

"ಅಡುಗೆ ಎಣ್ಣೆ ಬಿಡಿ. ಸಂದಿಗೆ ಇಳೀಲಿ. ಎಳೀಬೇಡಿ, ನಿಧಾನವಾಗಿ ಉಜ್ಜುತ್ತಾ ಇರಿ. ಒಂದು ಗಂಟೆ ಹಿಡೀಬಹುದು. ನಿಮಗೆ ನಿಧಾನ ಏನು ಹೊಸದಾ?"

ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಹೆಂಡತಿ ಎಣ್ಣೆ ತಂದಳು. ನಿಧಾನಪ್ಪ ಸ್ಟೂಲಿನ ಮೇಲೆ ಕೂತು ಎಣ್ಣೆ ಸುರಿಯುವ ಕೈಗಳನ್ನು ಉಜ್ಜತೊಡಗಿದ, ಎದುರಿಗೆ ಕಾಂಪೌಂಡರ್ ಬಟ್ಟಲಿನಲ್ಲಿ ಬೆರಳು ಅದ್ದಿ ಕೂತರು. ಟೈಲರಮ್ಮ ಪಾಪಪ್ರಜ್ಞೆಯಿಂದ ಚುಕ್ಕಾಣಿ ಕೋಣೆಯನ್ನು ಎತ್ತಿ ಡೆಕ್ಕಿನ ಗೂಟಗಳ ಮೇಲೆ ಕೂರಿಸಿ, ಬಾವುಟ ಸಿಕ್ಕಿಸಿದಳು. ಮೂವರೂ ಲಾಂಚನ್ನು ನೋಡಿದರು. ಮೂತಿ ಸೊಟ್ಟ, ನೆಲ ತಗ್ಗು, ಕಿಟಕಿ ಕುರುಡು. ಡೆಕ್ಕಿಗೆ ಮೊದಲೇ ಇದೇ ಅಂಟಿನಲ್ಲಿ ಕೂರಿಸಿದ್ದ ಗಂಟೆಯೊಂದು ಮಾತ್ರ ನಕ್ಷೆಯಲ್ಲಿದ್ದಂತೆ ಹೊಳೆಯುತ್ತಿತ್ತು.

"ಮಂಚಕ್ಕೆ ಅಳತೆ ತಗೊಂಡುಬಿಡ್ಲಾ?" ಎಂದಳು ಹೆಂಡತಿ. ಪಾಪ, ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೂ ಚುಚ್ಚಿತು.

ಮೂರೂವರೆಗೆ ಸರಿಯಾಗಿ ಕರೆಗಂಟೆ ಸದ್ದು ಮಾಡಿತು. ಹೊಳೆಯ ಮೇಲೆ ಕೆಲಸ ಮಾಡಿದವರು ಹೇಳಿದ ಹೊತ್ತಿಗಿಂತ ಮೊದಲೇ ದಡ ಮುಟ್ಟುತ್ತಾರೆ.

ಮಾವ ಒಳಗೆ ಬಂದರು. ಬಾಗಿಲಲ್ಲಿ ತಲೆ ತಗ್ಗಿಸುವ ಎತ್ತರವಿಲ್ಲದಿದ್ದರೂ ಹಳೆಯ ಅಭ್ಯಾಸಕ್ಕೆ ತಲೆ ತಗ್ಗಿಸಿ ಬಂದರು. ಅಳಿಯ ಎದ್ದು ನಿಂತ, ಎಣ್ಣೆ ತೊಟ್ಟಿಕ್ಕುವ ಕೈ ಮುಗಿದುಕೊಂಡೇ.

"ಸಾಕು, ಇಳಿಸಿ," ಎಂದರು ಮಾವ. ಅಳಿಯ ಇಳಿಸಲಿಲ್ಲ. ಮಾವ ಎರಡನೇ ಸಲ ಅವನ ಮುಖ ನೋಡಿದರು.

ಆಮೇಲೆ ಅವರ ಕಣ್ಣು ಮೇಜಿನ ಮೇಲೆ ಹೋಯಿತು.

ಮಾವ ಹತ್ತಿರ ಹೋದರು. ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು. ಬಗ್ಗಿ, ಲಾಂಚಿನ ಮೂತಿಯ ಮಟ್ಟಕ್ಕೆ ಕಣ್ಣು ತಂದು ಒಂದು ಕಡೆಯಿಂದ ನೋಡಿದರು. ಮೇಜನ್ನು ಬಳಸಿ ಇನ್ನೊಂದು ಕಡೆಗೆ ಹೋದರು. ಕೋಣೆಯಲ್ಲಿ ಎಣ್ಣೆಯ ಹನಿ ನೆಲಕ್ಕೆ ಬೀಳುವುದೂ ಕೇಳುತ್ತಿತ್ತು.

"ಎಡಕ್ಕೆ ಎಳೆದಿದೆ," ಎಂದರು.

"ಹೌದು ಮಾವ. ಅದು..."

"ಯಾರು ಹೇಳಿದ್ರು ನಿಮಗೆ?"

ನಿಧಾನಪ್ಪ ಬಾಯಿ ತೆರೆದ. ಆದರೆ ಮಾವ ಅವನನ್ನು ನೋಡುತ್ತಿರಲಿಲ್ಲ.

"ಮೊದಲನೇ ವರ್ಷ ದಕ್ಕೆಗೆ ಗುದ್ದಿಸಿಬಿಟ್ಟೆ," ಎಂದರು ಮಾವ, ಲಾಂಚಿಗೇ ಹೇಳುವಂತೆ. "ಡೆಕ್ಕು ಎಡಕ್ಕೆ ತಿರುಚಿಕೊಳ್ತು. ಯಾರಿಗೂ ಗೊತ್ತಾಗ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ಹೇಳಿದ್ರೆ ಅದನ್ನ ನನ್ನ ಕೈಯಿಂದ ಕಿತ್ಕೊಳ್ತಿದ್ರು. ಹತ್ತೊಂಬತ್ತು ವರ್ಷ ಚುಕ್ಕಾಣಿಯನ್ನ ಚೂರು ಬಲಕ್ಕೆ ಹಿಡಿದೇ ಓಡಿಸಿದೆ. ಈಗಲೂ ರಸ್ತೇಲಿ ನಡೆಯುವಾಗ ಬಲಕ್ಕೇ ಹೋಗ್ತೀನಿ. ಇವಳಿಗೂ ಹೇಳಿಲ್ಲ."

ಮಗಳು ಅಪ್ಪನನ್ನು ಹೊಸದಾಗಿ ನೋಡಿದಳು. ಬಲಕ್ಕೆ ಹೋಗುವುದನ್ನು ಅವಳು ಇಷ್ಟು ದಿನ ಮೊಂಡುತನ ಎಂದುಕೊಂಡಿದ್ದಳು.

ಮಾವನ ಬೆರಳು ಡೆಕ್ಕಿನ ಮುಂದಿನ ತುದಿಗೆ ಹೋಗಿ ನಿಂತಿತು. ಅಲ್ಲಿ ಕಾಂಪೌಂಡರ ಎರಡು ಹೆಬ್ಬೆರಳ ತಗ್ಗುಗಳಿದ್ದವು.

"ಇಲ್ಲಿ ನಿಂತೇ ನಾನು ಹಗ್ಗ ಎಸೀತಿದ್ದೆ. ದಿನಕ್ಕೆ ಇಪ್ಪತ್ತು ಸಲ. ಹಲಗೆ ಸವೆದು ಎರಡು ಪಾದದ ಗುರುತು ಬಿದ್ದಿತ್ತು." ಅವರು ತಗ್ಗಿನಲ್ಲಿ ಬೆರಳಿಟ್ಟರು. "ಬಲಗಾಲಿಂದು ಚೂರು ಆಳ. ಸರಿಯಾಗಿದೆ."

ಕಾಂಪೌಂಡರ್ ತಮ್ಮ ಬಲ ಹೆಬ್ಬೆರಳನ್ನು ಮೆಲ್ಲಗೆ ನೋಡಿಕೊಂಡರು.

ಮಾವ ಇನ್ನೂ ಬಗ್ಗಿ ಕಿಟಕಿಯೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಏಳುವಾಗ ಅವರ ಕನ್ನಡಕವೂ ಕಿಟಕಿಯಷ್ಟೇ ಮಂಜಾಗಿತ್ತು.

"ಬೆಳಗಿನ ಮೊದಲನೇ ಸರ್ತಿ ದಾಟುವಾಗ," ಎಂದರು. "ಹೊಳೆ ಮೇಲೆ ಮಂಜು. ಗಾಜಿನಾಚೆ ಏನೂ ಕಾಣ್ತಿರಲಿಲ್ಲ, ಹೀಗೇ. ಎಂಜಿನ್ನಿನ ಸದ್ದು ಕೇಳ್ಕೊಂಡು ದಡ ಎಲ್ಲಿದೆ ಅಂತ ತಿಳೀಬೇಕಿತ್ತು. ಹಿಂದೆ ನೂರು ಜನ ನಿದ್ದೆಗಣ್ಣಲ್ಲಿ ನಿಂತಿರೋರು. ನನಗೇನೂ ಕಾಣ್ತಿಲ್ಲ ಅಂತ ಅವರಿಗೆ ಗೊತ್ತೇ ಇರ್ತಿರಲಿಲ್ಲ."

ಟೈಲರಮ್ಮ ಬರಿದಾದ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಿಜ ಹೇಳಿಬಿಡಲೇ ಎಂದು ನಿಧಾನಪ್ಪನ ನಾಲಿಗೆ ತುದಿಗೆ ಬಂದಿತ್ತು. ಆದರೆ ಆ ಮುದುಕನ ಮುಖ ನೋಡಿ ಮಾತು ಹಿಂದಕ್ಕೆ ಹೋಯಿತು. ಎರಡೂವರೆ ವರ್ಷ ಒಂದೊಂದು ಮೊಳೆ ಎಣಿಸಿ ತಾನು ಹಿಡಿಯಲಾಗದಿದ್ದ ಲಾಂಚು, ಅರ್ಧ ಗಂಟೆಯ ಅವಾಂತರದಲ್ಲಿ ಅದಾಗಿಯೇ ಬಂದು ಮೇಜಿನ ಮೇಲೆ ನಿಂತಿತ್ತು.

"ಒಂದೇ ತಪ್ಪು," ಎಂದರು ಮಾವ, ಎಂದಿನ ದನಿಗೆ ಮರಳಿ. "ಆ ಗಂಟೆ. ಅದು ನಕ್ಷೇಲಿ ಮಾತ್ರ ಇತ್ತು. ಮೊದಲ ವಾರವೇ ಯಾರೋ ಕದ್ದರು. ಕಿತ್ತುಹಾಕಿ."

"ಆಯ್ತು ಮಾವ," ಎಂದ ನಿಧಾನಪ್ಪ ಎರಡು ತಿಂಗಳನ್ನು ನುಂಗಿಕೊಂಡು.

"ಉಳಿದದ್ದು..." ಮಾವ ಗಂಟಲು ಸರಿಮಾಡಿಕೊಂಡರು. ತುಕ್ಕು ಹಿಡಿದ ಎಂಜಿನ್ನಿಗೆ ಹ್ಯಾಂಡಲು ಹಾಕಿ ತಿರುಗಿಸಿದಂತಿತ್ತು ಆ ಸದ್ದು. "ಉಳಿದದ್ದು ಚೆನ್ನಾಗಿದೆ."

ನಿಧಾನಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಿದಳು. ಸೋತವಳ ಕಣ್ಣಲ್ಲೂ ಹೆಮ್ಮೆಯಿತ್ತು. "ಕೋಣೆ ನಿಮ್ದೇ," ಎಂದು ಅವಳು ತುಟಿಯಲ್ಲೇ ಹೇಳಿದಳು. ಕಾಂಪೌಂಡರ ಕೈ ಎಣ್ಣೆಯ ಬಟ್ಟಲಿನಿಂದ ತಾನಾಗಿಯೇ ಮೇಲೆದ್ದು ಭೇಷ್ ಎಂದಿತು.

ಮಾವ ಸ್ಟೂಲನ್ನು ಎಳೆದುಕೊಂಡು ಮೇಜಿನೆದುರು ಕೂತರು.

"ನಿಜ ಹೇಳ್ಬೇಕು ಅಂದ್ರೆ ಅಳಿಯಂದ್ರೇ, ನಾನು ಇವತ್ತು ಬಂದಿದ್ದೇ ಈ ಕೋಣೆ ಬೇಡ ಅಂತ ಹೇಳೋಕೆ. ಅಳಿಯನ ಮನೇಲಿ ಮಂಚ ಹಾಕೋನಲ್ಲ ನಾನು. ಮೇಲಿನ ಕೋಣೇಲೇ ಇರ್ತೀನಿ, ಚದುರಂಗ ಆಡ್ಕೊಂಡು ಅಂತ ತೀರ್ಮಾನ ಮಾಡ್ಕೊಂಡೇ ಮೆಟ್ಟಿಲು ಹತ್ತಿದೆ."

"ಒಳ್ಳೇ ತೀರ್ಮಾನ," ಎಂದರು ಕಾಂಪೌಂಡರ್.

"ಆಗಿತ್ತು," ಎಂದರು ಮಾವ. "ಆದ್ರೆ ಇದನ್ನ ನೋಡಿದ ಮೇಲೆ ಆಗಲ್ಲ. ನಾನು ಓಡಿಸಿದ್ದು ಒಟ್ಟು ಏಳು ಲಾಂಚು. ಇನ್ನೂ ಆರು ಇವೆ. ಒಂದೊಂದರ ಸೊಟ್ಟನೂ ನನಗೆ ಗೊತ್ತು. ಇಲ್ಲೇ ಇರ್ತೀನಿ, ಈ ಮೇಜಿನ ಪಕ್ಕದಲ್ಲೇ. ನಾನು ಕಟ್ತೀನಿ. ನೀವು ಆ ಡಬ್ಬಿ ಹಿಡ್ಕೊಂಡು ನಿಂತ್ರೆ ಸಾಕು."

"ಡಬ್ಬಿ?" ಎಂದ ನಿಧಾನಪ್ಪ.

"ಅಂಟಿನ ಡಬ್ಬಿ. ನಿಮ್ಮ ಕೈ ನೋಡಿದ್ರೇ ಗೊತ್ತಾಗುತ್ತೆ, ಎಂಥಾ ಅಂಟು ಅಳಿಯಂದ್ರೇ ಅದು." ಮಾವ ಗಂಟೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದರು. ಲಾಂಚು ಪೂರ್ತಿ ಎದ್ದು ಬಂತು, ಗಂಟೆ ಬರಲಿಲ್ಲ.

"ಮಗಳೇ," ಎಂದರು ಅದನ್ನು ಕೆಳಗಿಡುತ್ತ, "ಹಾಸಿಗೆ ಆಟೋದಲ್ಲೇ ಇದೆ. ಮೇಲಕ್ಕೆ ಸಾಗಿಸೋಣ ಅಂತ ತಂದಿದ್ದೆ. ಇಲ್ಲಿಗೇ ತರ್ಸು."

"ಆಗ್ಲಿ ಅಪ್ಪಾ," ಎಂದಳು ಮಗಳು. ಗಂಡನ ಕಡೆ ನೋಡುವ ಧೈರ್ಯ ಮಾಡದೆ ಕೆಳಗೆ ಹೋದಳು.

ನಿಧಾನಪ್ಪ ಗೋಡೆಗೊರಗಿ ನಿಂತಿದ್ದ. ಮಾಡಲು ಬೇರೇನೂ ಇಲ್ಲದ್ದರಿಂದ ಕೈ ಉಜ್ಜುತ್ತಲೇ ಇದ್ದ. ಹೆಂಡತಿ ಮೇಲೆ ಬಂದು ಬಾಗಿಲು ದಾಟುವ ಹೊತ್ತಿಗೆ, ಪಚಕ್ ಎಂಬ ಸಣ್ಣ ಸದ್ದಿನೊಂದಿಗೆ, ಎರಡು ಅಂಗೈಗಳೂ ಹೂವು ಅರಳಿದಂತೆ ಬಿಚ್ಚಿಕೊಂಡವು. ಅವಳು ಮಾವನ ಸುರುಳಿ ಸುತ್ತಿದ ಹಾಸಿಗೆಯನ್ನು ತಂದು ಅವುಗಳ ಮೇಲೆ ಇಟ್ಟಳು.